ಹಳೆಯ ಹೆಸರಿಗೆ ಕತ್ತರಿ ಹಾಕಬೇಕೇ? ಕಂಪನಿಗಳ ಮುಂದಿರುವ ದಾರಿಗಳ ಹೋಲಿಕೆ

ನಾನು ಕೆಲವು ವರ್ಷ ಕೆಲಸ ಮಾಡಿದ ಸಂಸ್ಥೆಯೊಂದಕ್ಕೆ ನಾಲ್ಕು ಪದಗಳ ಉದ್ದನೆಯ ಹೆಸರಿತ್ತು. ಇದು ಕಾಲಕ್ಕೆ ತಕ್ಕಂತಿಲ್ಲ ಎಂದು ಆಡಳಿತ ಮಂಡಳಿಗೆ ಅನ್ನಿಸಿ, ಹೆಸರನ್ನು ಮೂರು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿದರು. ಹೊಸ ನಾಮಫಲಕ ಬಂತು, ಹೊಸ ವಿಸಿಟಿಂಗ್ ಕಾರ್ಡ್ ಬಂತು. ಮೊದಲ ದಿನ ಬೆಳಿಗ್ಗೆ ಸ್ವಾಗತ ಕೌಂಟರಿನಲ್ಲಿದ್ದ ಸಹೋದ್ಯೋಗಿ ಫೋನೆತ್ತಿ, ಆ ಮೂರು ಅಕ್ಷರ ಹೇಳಿ ‘ನಮಸ್ಕಾರ’ ಎಂದರು. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ‘ಕ್ಷಮಿಸಿ, ನಂಬರ್ ತಪ್ಪಾಯಿತು’ ಎಂದು ಫೋನ್ ಇಟ್ಟೇಬಿಟ್ಟರು. ಮಧ್ಯಾಹ್ನದೊಳಗೆ ಇಂಥ ಐದಾರು ಕರೆಗಳು. ಸಂಜೆಯ ಹೊತ್ತಿಗೆ ಆಕೆ ಫೋನಿನ ಪಕ್ಕ ಒಂದು ಹಳದಿ ಚೀಟಿ ಅಂಟಿಸಿಕೊಂಡಿದ್ದರು: ಮೊದಲು ಹೊಸ ಅಕ್ಷರಗಳು, ನಂತರ ‘ಅಂದರೆ’, ಅದರ ನಂತರ ಪೂರ್ತಿ ಹಳೆಯ ಹೆಸರು. ಹೆಸರನ್ನು ಚಿಕ್ಕದು ಮಾಡಿದ ಮೇಲೆ ಅದನ್ನು ಹೇಳಲು ಮೊದಲಿನ ಎರಡರಷ್ಟು ಹೊತ್ತು ಬೇಕಾಗುತ್ತಿತ್ತು. ಆ ಚೀಟಿ ನಾನು ಕೆಲಸ ಬಿಡುವವರೆಗೂ ಅಲ್ಲೇ ಇತ್ತು.

ಹೆಸರು ಬದಲಾವಣೆಯ ಯಾವ ಪ್ರಸ್ತಾವವನ್ನು ಕಂಡರೂ ನನಗೆ ಆ ಚೀಟಿ ನೆನಪಾಗುತ್ತದೆ. ಗ್ರಾಹಕರು ತಾವಾಗಿಯೇ ಮೊಟಕು ಮಾಡಿಕೊಂಡ ಹೆಸರನ್ನು ಕಂಪನಿ ಒಪ್ಪಿಕೊಂಡರೆ ಸಾಮಾನ್ಯವಾಗಿ ಲಾಭ. ಗ್ರಾಹಕರ ಬಾಯಲ್ಲಿ ಇನ್ನೂ ಇಡಿಯಾಗಿರುವ ಹೆಸರನ್ನು ಕಂಪನಿ ತಾನೇ ಕತ್ತರಿಸಿ ಕೈಗೆ ಕೊಟ್ಟರೆ ಸಾಮಾನ್ಯವಾಗಿ ನಷ್ಟ. ‘ಸಾಮಾನ್ಯವಾಗಿ’ ಎಂದು ಎರಡು ಸಲ ಹೇಳಿದ್ದೇನೆ. ಅಪವಾದಗಳೂ ಇವೆ, ಅವುಗಳಿಗೂ ಬರುತ್ತೇನೆ.

ಮೊದಲು ಮಾತ್ರೆ ಎಣಿಸಿ

ಹೆಸರು ಚಿಕ್ಕದಾಯಿತು ಎನ್ನುವವರು ಸಾಮಾನ್ಯವಾಗಿ ಕಣ್ಣಿನಿಂದ ಅಳೆಯುತ್ತಾರೆ. ಕಾಗದದ ಮೇಲೆ ಹತ್ತು ಅಕ್ಷರ ಇದ್ದದ್ದು ಎರಡಾದರೆ ಅವರ ಲೆಕ್ಕದಲ್ಲಿ ಎಂಟು ಉಳಿತಾಯ. ನಾವು ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಲು ಕಲಿತವರು. ಕಿವಿಯಿಂದ ಅಳೆಯುವ ಅಳತೆಗೋಲು ನಮ್ಮ ಬಳಿ ಮೊದಲೇ ಇದೆ. ಲಘುವಿಗೆ ಒಂದು, ಗುರುವಿಗೆ ಎರಡು. ಅಮೆರಿಕದ ಕೊರಿಯರ್ ಕಂಪನಿ ‘ಫೆಡರಲ್ ಎಕ್ಸ್‌ಪ್ರೆಸ್’ ಎಂಬುದಕ್ಕೆ ಪ್ರಸ್ತಾರ ಹಾಕಿದರೆ ಎಂಟು ಮಾತ್ರೆ. ‘ಫೆಡೆಕ್ಸ್’ಗೆ ಮೂರು. ಇದು ನಿಜವಾದ ಉಳಿತಾಯ. ಅಲ್ಲಿನದೇ ಕಾಫಿ-ತಿಂಡಿ ಮಳಿಗೆ ‘ಡಂಕಿನ್ ಡೋನಟ್ಸ್’ಗೆ ಎಂಟು, ‘ಡಂಕಿನ್’ಗೆ ನಾಲ್ಕು, ಸರಿಯಾಗಿ ಅರ್ಧ. ತೂಕ ಇಳಿಸಲು ನೆರವಾಗುವ ‘ವೇಯ್ಟ್ ವಾಚರ್ಸ್’ ಎಂಬ ಕಂಪನಿಯ ಹೆಸರಿಗೆ ಆರು ಮಾತ್ರೆ. ಆ ಕಂಪನಿ 2018ರಲ್ಲಿ ಆಯ್ದುಕೊಂಡ ‘ಡಬ್ಲ್ಯೂ ಡಬ್ಲ್ಯೂ’ ಎಂಬ ಚಿಕ್ಕ ಹೆಸರಿಗೆ ಎಂಟು! ಇಂಗ್ಲಿಷ್ ಉಚ್ಚಾರದಲ್ಲಿ ಎಣಿಸಿದರೂ ಹಣೆಬರಹ ಅದೇ: ಮೂರು ತುಂಡುಗಳ ಮಾತು ಆರು ತುಂಡುಗಳಾಯಿತು. ‘ಟ್ವಿಟರ್’ ಎಂಬುದಕ್ಕೆ ಮೂರು ಮಾತ್ರೆ, ‘ಎಕ್ಸ್’ಗೆ ಎರಡು. ಅಷ್ಟೆಲ್ಲ ಗಲಾಟೆಯ ನಂತರ ಉಳಿತಾಯವಾದದ್ದು ಒಂದೇ ಒಂದು ಮಾತ್ರೆ.

ಹೆಸರು ಬದುಕುವುದು ಬಾಯಲ್ಲಿ. ಒಬ್ಬರು ಇನ್ನೊಬ್ಬರಿಗೆ ಹೇಳುವಾಗ, ಫೋನಿನಲ್ಲಿ ಕೇಳಿಸಿಕೊಳ್ಳುವಾಗ, ಕೇಳಿದ್ದನ್ನು ಮೊಬೈಲಿನಲ್ಲಿ ಹುಡುಕುವಾಗ ತೊಡಕಿಲ್ಲದೆ ಸಾಗಬೇಕು. ಆದ್ದರಿಂದ ಮುಂದಿನ ಪ್ರತಿಯೊಂದು ದಾರಿಯನ್ನೂ ಈ ಮೂರು ಹಂತಗಳಲ್ಲಿ ನಡೆಸಿ ನೋಡಿ. ಲೋಗೊ ಎಷ್ಟು ಚೆಂದ ಕಾಣುತ್ತದೆ ಎಂಬುದು ನಂತರದ ಮಾತು.

ಬಾಲ ಕತ್ತರಿಸುವುದೋ, ತಲೆಯೋ?

ಅತ್ಯಂತ ಸುರಕ್ಷಿತ ಬದಲಾವಣೆ ಎಂದರೆ ಹೆಸರಿನ ಕೊನೆಯಲ್ಲಿ ತೂಗಾಡುವ, ಕಂಪನಿ ಏನು ಮಾರುತ್ತದೆ ಎಂದು ಹೇಳುವ ಪದವನ್ನು ಬಿಡುವುದು. ಆಪಲ್ ಕಂಪ್ಯೂಟರ್ 2007ರ ಜನವರಿಯಲ್ಲಿ, ಐಫೋನನ್ನು ಜಗತ್ತಿಗೆ ತೋರಿಸಿದ ದಿನವೇ, ‘ಕಂಪ್ಯೂಟರ್’ ಅನ್ನು ಕೈಬಿಟ್ಟಿತು. ಜನ ಅದಕ್ಕೆ ಬಹಳ ಹಿಂದಿನಿಂದಲೂ ‘ಆಪಲ್’ ಎಂದೇ ಹೇಳುತ್ತಿದ್ದುದರಿಂದ ಬದಲಾದದ್ದು ಯಾರಿಗೂ ತಟ್ಟಲಿಲ್ಲ. ಸ್ಟಾರ್‌ಬಕ್ಸ್ 2011ರಲ್ಲಿ ತನ್ನ ಲಾಂಛನದಿಂದ ‘ಕಾಫಿ’ ಎಂಬ ಪದವನ್ನೂ ಹೆಸರನ್ನೂ ತೆಗೆಯಿತು. ಡಾಮಿನೋಸ್ 2012ರಲ್ಲಿ ‘ಪಿಜ್ಜಾ’ ಬಿಟ್ಟಿತು. ಡಂಕಿನ್ ತನ್ನ ನಿರ್ಧಾರವನ್ನು 2018ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿ 2019ರ ಜನವರಿಯಿಂದ ಜಾರಿಗೆ ತಂದಿತು. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಅದರ ಮಾರಾಟದ ಸುಮಾರು ಶೇ 60ರಷ್ಟು ಪಾನೀಯಗಳಿಂದಲೇ ಬರುತ್ತಿತ್ತು. ‘ಡೋನಟ್ಸ್’ ಎಂಬ ಬಾಲ ವ್ಯವಹಾರದ ಚಿಕ್ಕ ಭಾಗವನ್ನಷ್ಟೇ ಹೇಳುತ್ತಿತ್ತು. ಬಣ್ಣ ಅದೇ, ಅಕ್ಷರಗಳ ಉಬ್ಬಿದ ಆಕಾರ ಅದೇ, ಜನರ ಬಾಯಲ್ಲಿದ್ದ ಹೆಸರೂ ಅದೇ. ಇಂಥ ಕಡೆ ಕತ್ತರಿ ಬಳಸಿದವರು ಕಂಪನಿಯವರಲ್ಲ. ಗ್ರಾಹಕರು ಎಂದೋ ಕತ್ತರಿಸಿದ್ದಕ್ಕೆ ಇವರು ರುಜು ಹಾಕಿದರು, ಅಷ್ಟೇ.

ತೊಂದರೆ ಬರುವುದು ಬಾಲ ಯಾವುದು, ತಲೆ ಯಾವುದು ಎಂದು ತಿಳಿಯದೆ ಹೋದಾಗ. ಎರಡು ಪದಗಳ ಹೆಸರಿನಲ್ಲಿ ಸಾಮಾನ್ಯವಾಗಿ ಒಂದು ಪದಕ್ಕೆ ಮುಖವಿರುತ್ತದೆ, ಇನ್ನೊಂದು ಯಾರು ಬೇಕಾದರೂ ಬಳಸಬಹುದಾದ ಪದ. ಮುಖವಿರುವುದನ್ನು ಉಳಿಸಿಕೊಳ್ಳಬೇಕು ಎಂಬುದು ಕೇಳಲು ಎಷ್ಟು ಸರಳ! ಆದರೂ ಅಮೆರಿಕದ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಕಂಪನಿ ರೇಡಿಯೋಶ್ಯಾಕ್ 2009ರಲ್ಲಿ ತನ್ನನ್ನು ‘ದ ಶ್ಯಾಕ್’ ಎಂದು ಕರೆದುಕೊಂಡು ಜಾಹೀರಾತು ಕೊಟ್ಟಿತು. ಇಂಗ್ಲಿಷಿನಲ್ಲಿ ಆ ಪದಕ್ಕೆ ಅರ್ಥ ಜೋಪಡಿ. ರೇಡಿಯೋ ಹಳತಾಯಿತು ಎಂಬ ನಾಚಿಕೆಯಿಂದ ಅದನ್ನು ತೆಗೆದು ಜೋಪಡಿಯನ್ನು ಉಳಿಸಿಕೊಂಡರು. 2015ರಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿತು. ಅದಕ್ಕೆ ಹೆಸರೇ ಕಾರಣ ಎಂದು ಹೇಳಲಾರೆ. ಮಳಿಗೆಗೆ ಬರಲು ಜನರಿಗೆ ಕಾರಣವೇ ಉಳಿದಿರಲಿಲ್ಲ, ಅದಕ್ಕೆ ಹೆಸರು ಮದ್ದಾಗಲಿಲ್ಲ.

ಇತ್ತೀಚಿನ ಉದಾಹರಣೆ ಇನ್ನೂ ಚೆನ್ನಾಗಿದೆ. ಎಚ್‌ಬಿಒ ಮ್ಯಾಕ್ಸ್ ಎಂಬ ಸ್ಟ್ರೀಮಿಂಗ್ ಸೇವೆ 2023ರ ಮೇ ತಿಂಗಳಲ್ಲಿ ‘ಎಚ್‌ಬಿಒ’ವನ್ನು ತೆಗೆದು ಬರೀ ‘ಮ್ಯಾಕ್ಸ್’ ಆಯಿತು. ದಶಕಗಳ ಕಾಲ ಒಳ್ಳೆಯ ಧಾರಾವಾಹಿಗಳಿಂದ ಗಳಿಸಿದ ಹೆಸರು ಹೋಯಿತು. ಬ್ಯಾಟರಿಗೂ ಮೊಬೈಲಿಗೂ ಶಾಂಪೂವಿಗೂ ಅಂಟಿಸಬಹುದಾದ ಬಾಲ ಉಳಿಯಿತು. ಎರಡು ವರ್ಷ ಕಳೆದು, 2025ರ ಜುಲೈನಲ್ಲಿ, ಸೇವೆ ಮತ್ತೆ ಎಚ್‌ಬಿಒ ಮ್ಯಾಕ್ಸ್ ಆಯಿತು. ಈ ನಡುವೆ ಕೋಟ್ಯಂತರ ಫೋನುಗಳಲ್ಲಿ ಆ್ಯಪಿನ ಪುಟ್ಟ ಚೌಕದ ಬಣ್ಣ, ಅಕ್ಷರ ಎಲ್ಲ ಬದಲಾಗಿ ಮತ್ತೆ ಬದಲಾದವು. ತಲೆ ಯಾವುದೆಂದು ಪರೀಕ್ಷಿಸಲು ದೊಡ್ಡ ಸಮೀಕ್ಷೆಯೇನೂ ಬೇಡ. ಎರಡೂ ಪದಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ನಿಮಗೆ ಪರಿಚಯವಿಲ್ಲದವರಿಗೆ ಕೊಡಿ. ಯಾವ ಚೀಟಿ ಕಂಡರೆ ಅವರು ನಿಮ್ಮ ಕಂಪನಿಯ ಹೆಸರು ಹೇಳುತ್ತಾರೋ ಅದು ತಲೆ.

ಬೆಸುಗೆ ಹಾಕಿದ ಹೆಸರು

ಎರಡು ಪದಗಳ ತುಂಡುಗಳನ್ನು ಸೇರಿಸಿ ಒಂದು ಮಾಡುವುದು ನನಗೆ ಅತ್ಯಂತ ಇಷ್ಟವಾದ ದಾರಿ, ಅಷ್ಟೇ ಅಪರೂಪದ್ದೂ ಹೌದು. 1973ರಲ್ಲಿ ವಿಮಾನ ಹಾರಿಸಲು ಶುರುಮಾಡಿದ ಫೆಡರಲ್ ಎಕ್ಸ್‌ಪ್ರೆಸ್ ಕಂಪನಿಯನ್ನು ಅಮೆರಿಕದ ಕಚೇರಿಗಳಲ್ಲಿ ಜನ ‘ಫೆಡೆಕ್ಸ್’ ಎಂದು ಕರೆಯುತ್ತಿದ್ದರು. ಕರೆಯುವುದೇನು, ಕ್ರಿಯಾಪದವನ್ನೇ ಮಾಡಿಕೊಂಡಿದ್ದರು; ಪತ್ರವನ್ನು ‘ಫೆಡೆಕ್ಸ್ ಮಾಡು’ ಎಂದರೆ ನಾಳೆ ಬೆಳಿಗ್ಗೆ ತಲುಪಬೇಕು ಎಂದರ್ಥ. ಕಂಪನಿ 1994ರಲ್ಲಿ ಆ ಹೆಸರನ್ನೇ ಅಧಿಕೃತ ಬ್ರ್ಯಾಂಡ್ ಮಾಡಿಕೊಂಡಿತು. ಲ್ಯಾಂಡರ್ ಸಂಸ್ಥೆಯ ಲಿಂಡನ್ ಲೀಡರ್ ಆಗ ರೂಪಿಸಿದ ಲೋಗೊವನ್ನು ಹತ್ತಿರದಿಂದ ನೋಡಿ: ಇಂಗ್ಲಿಷಿನ ದೊಡ್ಡ ‘ಇ’ ಮತ್ತು ಅದರ ಪಕ್ಕದ ಚಿಕ್ಕ ‘ಎಕ್ಸ್’ ನಡುವಿನ ಖಾಲಿ ಜಾಗದಲ್ಲಿ ಬಲಕ್ಕೆ ಹೊರಟ ಬಿಳಿ ಬಾಣವೊಂದಿದೆ. ಒಮ್ಮೆ ಕಂಡರೆ ಮತ್ತೆ ಕಾಣದಿರಲು ಸಾಧ್ಯವಿಲ್ಲ. ಹಳೆಯ ಉದ್ದ ಹೆಸರಿನಲ್ಲಿ ಆ ಎರಡು ಅಕ್ಷರಗಳು ಹಾಗೆ ಒತ್ತಿ ಕೂರುವ ಪ್ರಶ್ನೆಯೇ ಇರಲಿಲ್ಲ. ಐದು ಅಕ್ಷರಗಳಾದ ಮೇಲೆ ಅದೇ ಲಾರಿಯ ಬದಿಯಲ್ಲಿ ಹೆಸರನ್ನು ಇನ್ನೂ ದೊಡ್ಡದಾಗಿ ಬರೆಯಬಹುದಾಯಿತು. ಸಾವಿರಾರು ಲಾರಿಗಳಿರುವ ಕಂಪನಿಗೆ ಅದು ಪುಕ್ಕಟೆ ಜಾಹೀರಾತು.

ಏರ್‌ಬಿಎನ್‌ಬಿಯೂ ಇದೇ ಜಾತಿ. ‘ಏರ್‌ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಎಂಬ ಮೂಲ ಹೆಸರನ್ನು ಅವರು 2009ರಲ್ಲೇ ಬಿಟ್ಟರು. ಅಷ್ಟು ಬೇಗ ಬಿಟ್ಟಿದ್ದೇ ಜಾಣತನ. ಹೆಸರಿಗೆ ಇನ್ನೂ ಬೇರು ಇಳಿಯದಿದ್ದಾಗ ಕಿತ್ತು ನೆಡುವುದಕ್ಕೆ ನೋವಿಲ್ಲ.

ಬರೀ ಮೊದಲಕ್ಷರಗಳು

ಉದ್ದ ಹೆಸರಿನವರೆಲ್ಲ ಮೊದಲು ಯೋಚಿಸುವುದು ಇದನ್ನೇ. ಐಬಿಎಂ ಆದೀತು, 3ಎಂ ಆದೀತು, ನಾವೇಕೆ ಆಗಬಾರದು ಎಂಬ ವಾದ. ಆದರೆ ಈ ಕಂಪನಿಗಳಿಗೆ ಕಾಲ ಎಷ್ಟು ಹಿಡಿಯಿತೆಂದು ನೋಡಿ. ಇಂಟರ್‌ನ್ಯಾಷನಲ್ ಬಿಸಿನೆಸ್ ಮಷೀನ್ಸ್ ಎಂಬ ಹೆಸರು ಬಂದದ್ದು 1924ರಲ್ಲಿ. ಆ ಮೂರು ಅಕ್ಷರಗಳ ಹಿಂದೆ ನೂರು ವರ್ಷಗಳ ಯಂತ್ರಗಳಿವೆ. ಮಿನ್ನೆಸೋಟಾ ಮೈನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ತನ್ನ ಕಾನೂನುಬದ್ಧ ಹೆಸರನ್ನು 3ಎಂ ಎಂದು ಬದಲಿಸಿಕೊಂಡದ್ದು 2002ರಲ್ಲಿ. ಜನ ಅದನ್ನು ಹಾಗೆ ಕರೆಯತೊಡಗಿ ದಶಕಗಳೇ ಆಗಿದ್ದವು.

ಕೆಎಫ್‌ಸಿ 1991ರಲ್ಲಿ ‘ಕೆಂಟಕಿ ಫ್ರೈಡ್ ಚಿಕನ್’ ಎಂಬ ಹೆಸರಿನಿಂದ ಮೊದಲಕ್ಷರಗಳಿಗೆ ಇಳಿಯಿತು. ‘ಫ್ರೈಡ್’ ಎಂದರೆ ಕರಿದದ್ದು. ಆರೋಗ್ಯದ ಮಾತು ಜೋರಾಗಿದ್ದ ಕಾಲದಲ್ಲಿ ಆ ಪದವನ್ನು ಸ್ವಲ್ಪ ಮರೆಗೆ ಸರಿಸುವ ಉದ್ದೇಶವಿತ್ತು. ಹೆಸರು ನಿಂತಿತು. ಆದರೆ ಕಾರಣವನ್ನು ಸರಿಯಾಗಿ ಹೇಳದಿದ್ದರೆ ಜನ ತಾವೇ ಒಂದು ಕಾರಣ ಹುಟ್ಟಿಸುತ್ತಾರೆ ಎಂಬುದಕ್ಕೂ ಇದೇ ಸಾಕ್ಷಿ. ಅವರು ಬಳಸುವುದು ಕೋಳಿಯನ್ನೇ ಅಲ್ಲ, ಅದಕ್ಕೇ ಕಾನೂನು ‘ಚಿಕನ್’ ಎಂಬ ಪದ ಬಳಸಲು ಬಿಡುತ್ತಿಲ್ಲ ಎಂಬ ಗಾಳಿಸುದ್ದಿ ಇಮೇಲುಗಳಲ್ಲಿ ವರ್ಷಗಟ್ಟಲೆ ಸುತ್ತಿತು.

ಬಿಪಿಯ ಕಥೆ ಬೇರೆ. ಬ್ರಿಟಿಷ್ ಪೆಟ್ರೋಲಿಯಂ 1998ರಲ್ಲಿ ಅಮೆರಿಕದ ಅಮೊಕೊ ಜೊತೆ ವಿಲೀನವಾಗಿ, 2000ದ ಹೊತ್ತಿಗೆ ಹಸಿರು-ಹಳದಿ ಸೂರ್ಯನ ಲಾಂಛನ ಹಾಕಿಕೊಂಡು, ಆ ಎರಡಕ್ಷರಗಳಿಗೆ ‘ಬಿಯಾಂಡ್ ಪೆಟ್ರೋಲಿಯಂ’ ಎಂಬ ಹೊಸ ಅರ್ಥ ಹೊಂದಿಸಿತು. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ವೇದಿಕೆ ಸ್ಫೋಟಿಸಿ ತೈಲ ಸೋರಿತು. ಕೋಪಗೊಂಡ ಅಮೆರಿಕದ ರಾಜಕಾರಣಿಗಳು ಕಂಪನಿಯನ್ನು ಬೇಕೆಂದೇ ‘ಬ್ರಿಟಿಷ್ ಪೆಟ್ರೋಲಿಯಂ’ ಎಂದು ಕರೆದರು. ಹತ್ತು ವರ್ಷ ಮುಚ್ಚಿಟ್ಟ ಹೆಸರು ಕೆಲವೇ ವಾರಗಳಲ್ಲಿ ಎದ್ದು ಬಂತು. ಮೊದಲಕ್ಷರಗಳು ಹಳೆಯ ಅರ್ಥವನ್ನು ಅಳಿಸುವುದಿಲ್ಲ, ಮಡಚಿ ಇಡುತ್ತವೆ. ಬೇಕಾದಾಗ ಯಾರು ಬೇಕಾದರೂ ಬಿಚ್ಚಬಹುದು.

ಇನ್ನೊಂದು ಅಪಾಯ, ಎರಡು ಮೂರು ಅಕ್ಷರಗಳ ಗುಂಪು ಜಗತ್ತಿನಲ್ಲಿ ಬೇರೆ ಯಾರದೋ ಆಗಿರುತ್ತದೆ. ಪಾಂಡಾ ಲಾಂಛನದ ವನ್ಯಜೀವಿ ಸಂಸ್ಥೆಯೂ ಅಮೆರಿಕದ ಕುಸ್ತಿ ಕಂಪನಿಯೂ ‘ಡಬ್ಲ್ಯೂಡಬ್ಲ್ಯೂಎಫ್’ ಎಂಬ ಒಂದೇ ಅಕ್ಷರಗುಚ್ಛಕ್ಕೆ ಬಡಿದಾಡಿದವು. ಬ್ರಿಟನ್ನಿನ ನ್ಯಾಯಾಲಯದಲ್ಲಿ ಪಾಂಡಾ ಗೆದ್ದಿತು. 2002ರಲ್ಲಿ ಕುಸ್ತಿಯವರು ಡಬ್ಲ್ಯೂಡಬ್ಲ್ಯೂಇ ಆದರು.

ಇನ್ನು ವೇಯ್ಟ್ ವಾಚರ್ಸ್. 1963ರಲ್ಲಿ ಹುಟ್ಟಿದ ಈ ಕಂಪನಿಗೆ ತೂಕ ಇಳಿಸುವ ಮಾತು ಹಳತಾಗಿದೆ, ಒಟ್ಟಾರೆ ಆರೋಗ್ಯ ಎನ್ನಬೇಕು ಎಂದು ತೋರಿತು. ಆ ಯೋಚನೆಯಲ್ಲಿ ತಪ್ಪಿರಲಿಲ್ಲ. ಆದರೆ ಹೊಸ ಹೆಸರನ್ನು ಕೇಳಿದವನಿಗೆ ಇದು ತೂಕದ ಕಂಪನಿಯೋ, ಟೈರಿನ ಕಂಪನಿಯೋ ತಿಳಿಯುವಂತಿರಲಿಲ್ಲ. ತೂಕ ಇಳಿಸಿಕೊಳ್ಳಬೇಕೆಂದು ಬಂದವನು ಹುಡುಕುವುದು ‘ತೂಕ’ ಎಂಬ ಪದವನ್ನು. ಅದನ್ನೇ ಬಾಗಿಲಿನಿಂದ ತೆಗೆದಿದ್ದರು. 2019ರ ಫೆಬ್ರುವರಿಯಲ್ಲಿ ಕಂಪನಿಯ ಮುನ್ನೋಟ ನಿರಾಶಾದಾಯಕವಾಗಿ ಬಂದಾಗ ಷೇರು ಒಂದೇ ಏಟಿಗೆ ಸುಮಾರು ಮೂರನೇ ಒಂದರಷ್ಟು ಕುಸಿಯಿತು. ಕೀಟೋ ಪಥ್ಯದ ಅಬ್ಬರವನ್ನು ಕಂಪನಿಯ ಮುಖ್ಯಸ್ಥರು ಕಾರಣಗಳಲ್ಲಿ ಒಂದಾಗಿ ಹೇಳಿದರು, ಅದೂ ನಿಜವಿದ್ದೀತು. ಮುಂದೆ ತೂಕ ಇಳಿಸುವ ಚುಚ್ಚುಮದ್ದುಗಳು ಬಂದು ಇಡೀ ಉದ್ಯಮದ ನೆಲವೇ ಸರಿಯಿತು, 2025ರ ಮೇ ತಿಂಗಳಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಹೋಯಿತು. ಅಷ್ಟರಲ್ಲಿ ಅದು ಮತ್ತೆ ವೇಯ್ಟ್‌ವಾಚರ್ಸ್ ಎಂಬ ಹೆಸರಿಗೇ ಮರಳಿತ್ತು. ಹೆಸರಿನ ತಪ್ಪನ್ನು ಚುಚ್ಚುಮದ್ದಿನ ಏಟಿನಿಂದ ಬೇರ್ಪಡಿಸಿ ತೂಗುವುದು ಕಷ್ಟ, ಆದರೆ ಮರಳಿ ಬಂದರು ಎಂಬುದನ್ನು ನಾನು ಒಪ್ಪಿಗೆಯೆಂದೇ ಓದುತ್ತೇನೆ.

ಕಾಗುಣಿತ ತಿರುಚುವ ಚಪಲ

ಸ್ಟ್ಯಾಂಡರ್ಡ್ ಲೈಫ್ ಅಬರ್ಡೀನ್ ಎಂಬ ಬ್ರಿಟನ್ನಿನ ಹೂಡಿಕೆ ಕಂಪನಿಗೆ 2021ರಲ್ಲಿ ಹೆಸರು ಬದಲಿಸದೆ ವಿಧಿಯಿರಲಿಲ್ಲ. ‘ಸ್ಟ್ಯಾಂಡರ್ಡ್ ಲೈಫ್’ ಹೆಸರನ್ನು ಅದು ಬೇರೆಯವರಿಗೆ ಮಾರಿಬಿಟ್ಟಿತ್ತು. ಉಳಿದದ್ದು ‘ಅಬರ್ಡೀನ್’. ಅದು ಸ್ಕಾಟ್ಲೆಂಡಿನ ಒಂದು ನಗರದ ಹೆಸರು. ಊರ ಹೆಸರನ್ನು ಒಬ್ಬರೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವುದು ಸುಲಭವಲ್ಲ. ಹಾಗಾಗಿ ಸ್ವರಗಳಲ್ಲಿ ಮೊದಲನೆಯದೊಂದನ್ನು ಬಿಟ್ಟು ಉಳಿದವನ್ನೆಲ್ಲ ಕಿತ್ತು, ಎ, ಬಿ, ಆರ್, ಡಿ, ಎನ್ ಎಂಬ ಐದು ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿ, ‘ಇದನ್ನು ಅಬರ್ಡೀನ್ ಎಂದೇ ಓದಿ’ ಎಂದು ಹೇಳಿದರು.

ಇದನ್ನು ಕನ್ನಡದಲ್ಲಿ ಬರೆಯಲು ಹೊರಟರೆ ಆ ಹೆಸರಿನ ಕಷ್ಟವೆಲ್ಲ ಬಯಲಾಗುತ್ತದೆ. ನಮ್ಮ ಲಿಪಿಯಲ್ಲಿ ಸ್ವರವಿಲ್ಲದ ವ್ಯಂಜನ ತಾನಾಗಿ ನಿಲ್ಲುವುದಿಲ್ಲ. ‘ಅಬ್ರ್ಡ್ನ್’ ಎಂದು ಒತ್ತಕ್ಷರದ ಮೇಲೆ ಒತ್ತಕ್ಷರ ಪೇರಿಸಬಹುದು. ಓದುವವನ ನಾಲಿಗೆಯ ಗತಿ ದೇವರೇ ಬಲ್ಲ. ಬರೆದದ್ದು ಒಂದು, ಓದಬೇಕಾದ್ದು ಇನ್ನೊಂದು ಎಂದಾದ ಕೂಡಲೇ ಪ್ರತಿ ಸಲವೂ ವಿವರಣೆ ಬೇಕು, ನಮ್ಮ ಕೌಂಟರಿನ ಹಳದಿ ಚೀಟಿಯಂತೆ. ಪತ್ರಿಕೆಗಳು ವರ್ಷಗಟ್ಟಲೆ ಗೇಲಿ ಮಾಡಿದವು. 2024ರಲ್ಲಿ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಇದು ಕಂಪನಿಗೆ ಕೊಡುವ ಕಿರುಕುಳ ಎಂದು ನೊಂದುಕೊಂಡಾಗ, ಲಂಡನ್ನಿನ ಒಂದು ಪತ್ರಿಕೆ ಮುಖಪುಟದಲ್ಲಿ ಕ್ಷಮೆ ಕೇಳಿತು, ಸ್ವರಗಳನ್ನು ಬಿಟ್ಟು ಬರೆದ ವಾಕ್ಯದಲ್ಲಿ. 2025ರ ಮಾರ್ಚಿನಲ್ಲಿ ಕಂಪನಿ ಸ್ವರಗಳನ್ನು ಮರಳಿ ತಂದು ‘ಅಬರ್ಡೀನ್ ಗ್ರೂಪ್’ ಆಯಿತು.

ಇದೇ ದಾರಿಯಲ್ಲಿ ಗೆದ್ದವರೂ ಇದ್ದಾರೆ. ಅಮೆರಿಕದ ಸೈಫೈ ಚಾನೆಲ್ 2009ರಲ್ಲಿ ತನ್ನ ಕಾಗುಣಿತವನ್ನು ಎಸ್, ವೈ, ಎಫ್, ವೈ ಎಂದು ಬದಲಿಸಿಕೊಂಡಿತು. ‘ಸೈ-ಫೈ’ ಎಂದರೆ ವಿಜ್ಞಾನ ಕಥೆಯ ಪ್ರಕಾರಕ್ಕೇ ಇರುವ ಹೆಸರು, ಅದನ್ನು ಸ್ವಂತ ಮಾಡಿಕೊಳ್ಳಲಾಗದು. ಬೇರೆ ಅಕ್ಷರಗಳಲ್ಲಿ ಬರೆದರೆ ಆಗುತ್ತದೆ. ಪೋಲಿಷ್ ಭಾಷೆಯಲ್ಲಿ ಆ ಅಕ್ಷರಗಳಿಗೆ ಕೊಳಕು ಅರ್ಥವಿದೆ ಎಂದು ಜನ ನಕ್ಕರು. ಹೆಸರು ಉಳಿಯಿತು. ಅಬರ್ಡೀನಿಗೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದು, ಆದರೆ ಎಲ್ಲವೂ ಅದರಲ್ಲೇ ಇದೆ: ಇದನ್ನು ಕಂಡ ಹಾಗೆಯೇ ಓದಬಹುದು, ಓದಿದರೆ ಹಳೆಯ ಹೆಸರೇ ಕೇಳಿಸುತ್ತದೆ.

ವಿಳಾಸದ ಪಟ್ಟಿಯಲ್ಲೂ ಹೀಗೆಯೇ ಎಡವಬಹುದು. ಓವರ್‌ಸ್ಟಾಕ್ ಎಂಬ ಆನ್‌ಲೈನ್ ಮಳಿಗೆ 2011ರಲ್ಲಿ ‘ಓ ಡಾಟ್ ಸಿಒ’ ಎಂಬ ಪುಟ್ಟ ವಿಳಾಸವನ್ನು ಹೆಸರಾಗಿ ಮೆರೆಸಿತು. ಜನರ ಬೆರಳು ಅಭ್ಯಾಸದಂತೆ ‘ಡಾಟ್ ಕಾಮ್’ ಎಂದೇ ಒತ್ತಿತು. ಆ ವಿಳಾಸ ಕಂಪನಿಯದಾಗಿರಲಿಲ್ಲ. ಅದೇ ವರ್ಷ ಜಾಹೀರಾತುಗಳು ಹಳೆಯ ಹೆಸರಿಗೆ ಮರಳಿದವು. ಆದರೆ ಓಕ್ಲೆಂಡಿನ ಕ್ರೀಡಾಂಗಣಕ್ಕೆ ಆ ಪುಟ್ಟ ಹೆಸರನ್ನು ಹಣ ಕೊಟ್ಟು ಇಡಿಸಿಯಾಗಿತ್ತು. ಕಂಪನಿ ಹಿಂದೆ ಸರಿದ ಮೇಲೂ 2016ರವರೆಗೆ ಕ್ರೀಡಾಂಗಣದ ನೆತ್ತಿಯ ಮೇಲೆ ಅದು ಹಾಗೆಯೇ ಇತ್ತು.

ಹೊಚ್ಚ ಹೊಸ ಹೆಸರು

ಇದಕ್ಕೆ ಒಂದೇ ಪ್ರಶ್ನೆ: ಹಳೆಯ ಹೆಸರಿನಲ್ಲಿ ಮುಂದುವರಿಯಲು ಸಾಧ್ಯವೇ ಇಲ್ಲವೇ? ಇಲ್ಲ ಎಂದಾದರೆ ಧೈರ್ಯವಾಗಿ ಬದಲಿಸಿ. ಆಂಡರ್ಸನ್ ಕನ್ಸಲ್ಟಿಂಗ್ ಎಂಬ ಸಲಹಾ ಕಂಪನಿ, ಲೆಕ್ಕಪರಿಶೋಧನಾ ಸಂಸ್ಥೆ ಆರ್ಥರ್ ಆಂಡರ್ಸನ್‌ನಿಂದ ಬೇರ್ಪಟ್ಟಾಗ ಮಧ್ಯಸ್ಥಿಕೆಯ ತೀರ್ಪು ಹಳೆಯ ಹೆಸರನ್ನು ಬಿಡುವಂತೆ ಹೇಳಿತು. ನಾರ್ವೆಯ ಕಚೇರಿಯ ಉದ್ಯೋಗಿಯೊಬ್ಬರು ಸೂಚಿಸಿದ ‘ಅಕ್ಸೆಂಚರ್’ 2001ರ ಜನವರಿ 1ರಂದು ಜಾರಿಗೆ ಬಂತು. ಮುಂದಿನ ವರ್ಷವೇ ಎನ್ರಾನ್ ಎಂಬ ಇಂಧನ ಕಂಪನಿಯ ಲೆಕ್ಕಪತ್ರ ಹಗರಣದಲ್ಲಿ ಆರ್ಥರ್ ಆಂಡರ್ಸನ್ ಮುಳುಗಿತು. ಒಲ್ಲದ ಮನಸ್ಸಿನಿಂದ ಬಿಟ್ಟ ಹೆಸರು ಅದಾಗಿತ್ತು! ಅದೃಷ್ಟವನ್ನು ತಂತ್ರವೆಂದು ಕರೆಯಬಾರದು, ಆದರೂ ಇದನ್ನು ನೆನೆಯದೆ ಇರಲಾಗದು. ಟೆಲಿಕಾಂ ಕಂಪನಿಗಳು ಸೇರಿ ತಂದ ‘ಐಸಿಸ್’ ಎಂಬ ಮೊಬೈಲ್ ವ್ಯಾಲೆಟ್ 2014ರಲ್ಲಿ, ಉಗ್ರರ ಗುಂಪಿನ ಹೆಸರು ಸುದ್ದಿಯಲ್ಲಿ ತುಂಬಿಕೊಂಡಾಗ, ‘ಸಾಫ್ಟ್‌ಕಾರ್ಡ್’ ಆದದ್ದಕ್ಕೂ ಚರ್ಚೆ ಬೇಕಿರಲಿಲ್ಲ.

ಸಾಧ್ಯವಿದ್ದೂ ಬದಲಿಸಿದವರ ಪಟ್ಟಿ ಬೇರೆಯೇ ಇದೆ. ಬ್ರಿಟನ್ನಿನ ಅಂಚೆ ಸಂಸ್ಥೆ 2001ರಲ್ಲಿ ‘ಕನ್ಸಿಗ್ನಿಯಾ’ ಆಯಿತು, 2002ರಲ್ಲಿ ರಾಯಲ್ ಮೇಲ್ ಗ್ರೂಪ್ ಆಯಿತು. ಸೋಜಿಗವೆಂದರೆ ಅಂಚೆ ಪೆಟ್ಟಿಗೆಯ ಮೇಲಿನ ಹೆಸರಾಗಲಿ, ಅಂಚೆ ಕಚೇರಿಯ ಫಲಕವಾಗಲಿ ಬದಲಾಗಿರಲೇ ಇಲ್ಲ; ಮಾತೃಸಂಸ್ಥೆಯ ಹೆಸರಷ್ಟೇ ಬದಲಾಗಿತ್ತು. ಅದನ್ನು ಜನರಿಗೆ ತಿಳಿಸಿ ಹೇಳುವಷ್ಟರಲ್ಲಿ ನಗೆಪಾಟಲಾಗಿತ್ತು. ಅಮೆರಿಕದ ಟ್ರಿಬ್ಯೂನ್ ಪಬ್ಲಿಷಿಂಗ್ ಎಂಬ ಪತ್ರಿಕಾ ಸಂಸ್ಥೆ 2016ರಲ್ಲಿ ‘ಟ್ರಾಂಕ್’ ಆಗಿ 2018ರಲ್ಲಿ ಮರಳಿತು. ಬ್ರಿಟನ್ನಿನಲ್ಲಿ ‘ಕೋಕೋ ಪಾಪ್ಸ್’ ಎಂಬ ಮಕ್ಕಳ ಉಪಾಹಾರ 1998ರಲ್ಲಿ ‘ಚೋಕೋ ಕ್ರಿಸ್ಪೀಸ್’ ಆಗಿ, ಜನರೇ ಮತ ಹಾಕಿ 1999ರಲ್ಲಿ ಹಳೆಯ ಹೆಸರನ್ನು ತರಿಸಿಕೊಂಡರು. ಆದರೆ ಅದೇ ದೇಶದಲ್ಲಿ ‘ಮ್ಯಾರಥಾನ್’ ಚಾಕೊಲೇಟ್ 1990ರಲ್ಲಿ ‘ಸ್ನಿಕರ್ಸ್’ ಆದದ್ದು ನಿಂತುಬಿಟ್ಟಿತು. ಜನ ಗೊಣಗಿದರು, ಇಂದಿಗೂ ಗೊಣಗುತ್ತಾರೆ, ತಿನ್ನುವುದನ್ನು ಮಾತ್ರ ಬಿಡಲಿಲ್ಲ. ಜಗತ್ತಿನಾದ್ಯಂತ ಒಂದೇ ಹೆಸರು ಬೇಕು ಎಂಬ ಗಟ್ಟಿ ಕಾರಣ ಅಲ್ಲಿತ್ತು. ಒಳಗಿನ ವಸ್ತು ಬದಲಾಗಿರಲಿಲ್ಲ. ನನ್ನ ಸೂತ್ರಕ್ಕೆ ಇದು ಅಪವಾದ, ಒಪ್ಪುತ್ತೇನೆ.

ಟ್ವಿಟರ್ ಪ್ರಕರಣದಲ್ಲಿ ಕಳೆದುಹೋದದ್ದು ಹೆಸರಿಗಿಂತ ದೊಡ್ಡದು. ‘ಟ್ವೀಟ್’ ಎಂಬ ಪದ 2013ರಲ್ಲೇ ಈ ಹೊಸ ಅರ್ಥದೊಂದಿಗೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಸೇರಿತ್ತು. ಕನ್ನಡದಲ್ಲೂ ‘ಟ್ವೀಟ್ ಮಾಡಿದರು’ ಎಂಬುದು ಸರಾಗ ವಾಕ್ಯವಾಗಿತ್ತು. 2023ರ ಜುಲೈನಲ್ಲಿ ಹೆಸರು ಎಕ್ಸ್ ಆದ ಮೇಲೆ ಪತ್ರಿಕೆಗಳು ‘ಎಕ್ಸ್‌ನಲ್ಲಿ ಪೋಸ್ಟ್ ಮಾಡಿದ್ದಾರೆ’ ಎಂದು ಬರೆಯತೊಡಗಿದವು. ‘ಪೋಸ್ಟ್’ ಎಲ್ಲ ಜಾಲತಾಣಗಳಿಗೂ ಸೇರಿದ ಪದ. ಗ್ರಾಹಕರು ನಿಮ್ಮ ಹೆಸರನ್ನು ಕ್ರಿಯಾಪದ ಮಾಡಿಕೊಂಡಿದ್ದರೆ ದಯವಿಟ್ಟು ಮುಟ್ಟಬೇಡಿ.

ಮೇಲಿನ ಹೆಸರು ಮಾತ್ರ

ಆಡಳಿತ ಮಂಡಳಿಗೆ ಹೊಸತನದ ಹಂಬಲ ತಡೆಯಲಾಗದಿದ್ದರೆ ಮಾತೃಸಂಸ್ಥೆಯ ಹೆಸರನ್ನಷ್ಟೇ ಬದಲಿಸುವುದು ಉತ್ತಮ ಸುರಕ್ಷಾ ಕವಾಟ. ಗೂಗಲ್ 2015ರಲ್ಲಿ ‘ಆಲ್ಫಾಬೆಟ್’ ಎಂಬ ಮಾತೃಸಂಸ್ಥೆ ಮಾಡಿಕೊಂಡಿತು; ಹುಡುಕುವವರು ಇಂದಿಗೂ ಗೂಗಲ್ಲೇ ಮಾಡುತ್ತಾರೆ. ಫೇಸ್‌ಬುಕ್ ಕಂಪನಿ 2021ರಲ್ಲಿ ‘ಮೆಟಾ’ ಆಯಿತು. ಆ್ಯಪ್ ಫೇಸ್‌ಬುಕ್ಕಾಗಿಯೇ ಉಳಿಯಿತು. ಷೇರುದಾರರಿಗೆ ಒಂದು ಹೆಸರು, ಬಳಕೆದಾರರಿಗೆ ಇನ್ನೊಂದು. ಕನ್ಸಿಗ್ನಿಯಾಕ್ಕೆ ಆದ ಗತಿ ಆಗಬಾರದೆಂದರೆ ‘ನೀವು ಬಳಸುವ ಹೆಸರು ಬದಲಾಗುವುದಿಲ್ಲ’ ಎಂಬುದನ್ನು ಪ್ರಕಟಣೆಯ ಮೊದಲ ಸಾಲಿನಲ್ಲೇ ಹೇಳಬೇಕು.

ಲಾಭವಾಯಿತೆಂದು ತಿಳಿಯುವುದು ಹೇಗೆ?

ಷೇರುಬೆಲೆ ನೋಡಿ ತೀರ್ಮಾನಿಸುವವರು ಒಂದು ಸಂಶೋಧನೆಯನ್ನು ಓದಬೇಕು. ಅಮೆರಿಕದಲ್ಲಿ 1998-99ರ ಅವಧಿಯಲ್ಲಿ ತಮ್ಮ ಹೆಸರಿಗೆ ‘ಡಾಟ್ ಕಾಮ್’ ಸೇರಿಸಿಕೊಂಡ 95 ಕಂಪನಿಗಳನ್ನು ಕೂಪರ್, ಡಿಮಿಟ್ರೊವ್ ಮತ್ತು ರಾವ್ ಎಂಬ ಸಂಶೋಧಕರು ಅಧ್ಯಯನ ಮಾಡಿದರು. ಪ್ರಕಟಣೆಯ ಆಸುಪಾಸಿನ ಹತ್ತು ದಿನಗಳಲ್ಲಿ ಆ ಷೇರುಗಳು ಮಾರುಕಟ್ಟೆಗಿಂತ ಸುಮಾರು ಶೇ 74ರಷ್ಟು ಹೆಚ್ಚು ಏರಿದ್ದವು. ಕಂಪನಿಗೂ ಇಂಟರ್‌ನೆಟ್ಟಿಗೂ ಸಂಬಂಧವಿತ್ತೋ ಇಲ್ಲವೋ, ಏರಿಕೆ ಏರಿಕೆಯೇ. ಇಂಟರ್‌ನೆಟ್ ಷೇರುಗಳ ಗುಳ್ಳೆ ಒಡೆದ ಮೇಲೆ ಅದೇ ಬಾಲವನ್ನು ತೆಗೆದುಹಾಕಿದ ಕಂಪನಿಗಳ ಷೇರುಗಳೂ ಏರಿದವು ಎಂದು ಅವರಲ್ಲಿ ಕೂಪರ್ ಮತ್ತು ರಾವ್ ಬೇರೆ ಸಂಶೋಧಕರ ಜೊತೆ ಸೇರಿ ನಂತರ ತೋರಿಸಿದರು. ಸೇರಿಸಿದರೂ ಏರಿಕೆ, ತೆಗೆದರೂ ಏರಿಕೆ. ಮಾರುಕಟ್ಟೆಯ ಆ ಚಪ್ಪಾಳೆ ಹೆಸರಿನ ಗುಣದ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಾನಾದರೆ ಮೂರು ಕಡೆ ನೋಡುತ್ತೇನೆ. ಜನ ಹುಡುಕಾಟದಲ್ಲಿ ಹಳೆಯ ಹೆಸರನ್ನು ಒತ್ತುತ್ತಿದ್ದಾರೋ, ಹೊಸದನ್ನೋ? ಗ್ರಾಹಕರ ದೂರುಗಳಲ್ಲಿ ಯಾವ ಹೆಸರಿದೆ? ಕೋಪ ಬಂದವನು ಯಾರನ್ನೂ ಮೆಚ್ಚಿಸಲು ಬರೆಯುವುದಿಲ್ಲವಾದ್ದರಿಂದ ಅವನ ಬಾಯಲ್ಲಿ ಬರುವುದೇ ನಿಜವಾದ ಹೆಸರು. ಪತ್ರಿಕೆಗಳು ‘ಹಿಂದಿನ’ ಎಂಬ ಪದವನ್ನು ಸೇರಿಸಿ ಬರೆಯುವುದನ್ನು ಯಾವಾಗ ನಿಲ್ಲಿಸಿದವು?

ಖರ್ಚನ್ನೂ ಮುಂಚೆಯೇ ಪಟ್ಟಿ ಮಾಡಬೇಕು, ಲೋಗೊ ವಿನ್ಯಾಸಕರ ಬಿಲ್ಲು ಅದರಲ್ಲಿ ಸಣ್ಣ ಸಾಲು. ನಾಮಫಲಕ, ವಾಹನ, ಸಮವಸ್ತ್ರ, ಬಿಲ್ ಪುಸ್ತಕ, ಬ್ಯಾಂಕ್ ಖಾತೆ, ಪರವಾನಗಿ, ಗುತ್ತಿಗೆ ಪತ್ರ, ಇಮೇಲ್ ವಿಳಾಸ. ನಮ್ಮ ಸಂಸ್ಥೆಯಲ್ಲಿ ಎಲ್ಲ ಬದಲಾದ ಮೇಲೂ ರಬ್ಬರ್ ಸ್ಟಾಂಪೊಂದು ಹಳೆಯದೇ ಉಳಿದು, ಅದನ್ನು ಒತ್ತಿದ ಕಾಗದಗಳನ್ನು ಬ್ಯಾಂಕಿನವರು ತಿಂಗಳುಗಟ್ಟಲೆ ವಾಪಸು ಕಳಿಸಿದರು.

ಕೊನೆಯದಾಗಿ, ಬಿಟ್ಟ ಹೆಸರನ್ನು ಬೀದಿಗೆ ಎಸೆಯಬೇಡಿ. ಅಮೆರಿಕದ ಕಾನೂನಿನಲ್ಲಿ ಟ್ರೇಡ್‌ಮಾರ್ಕನ್ನು ಸತತ ಮೂರು ವರ್ಷ ಬಳಸದಿದ್ದರೆ ಕೈಬಿಟ್ಟಂತೆ ಎಂದು ಮೇಲ್ನೋಟಕ್ಕೆ ಭಾವಿಸಲಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಐದು ವರ್ಷ ಬಳಸದಿದ್ದರೆ ರದ್ದಾಗುವ ಅಪಾಯವಿದೆ. ಯಾವುದಾದರೂ ಸಣ್ಣ ಉತ್ಪನ್ನದ ಮೇಲಾದರೂ ಹಳೆಯ ಹೆಸರನ್ನು ಉಸಿರಾಡಿಸುತ್ತಿರಬೇಕು. ನಿಸಾನ್ 1981ರಲ್ಲಿ ‘ಡಾಟ್ಸನ್’ ಹೆಸರನ್ನು ಬಿಡಲು ನಿರ್ಧರಿಸಿ, ಹಲವು ವರ್ಷ ಎರಡೂ ಹೆಸರುಗಳನ್ನು ಒಟ್ಟಿಗೆ ತೋರಿಸಿ, ಮೂವತ್ತು ವರ್ಷಗಳ ನಂತರ ಅಗ್ಗದ ಕಾರುಗಳಿಗೆಂದು ಅದನ್ನು ಮತ್ತೆ ಬಳಕೆಗೆ ತಂದಿತು. 2022ರಲ್ಲಿ ಪುನಃ ಮುಚ್ಚಿತು. ಜಾಲತಾಣದ ಹಳೆಯ ವಿಳಾಸವನ್ನಂತೂ ವರ್ಷವರ್ಷವೂ ತಪ್ಪದೆ ನವೀಕರಿಸಿ, ಹೊಸದಕ್ಕೆ ದಾರಿ ತೋರಿಸುವಂತೆ ಇಟ್ಟಿರಿ. ಟ್ವಿಟರಿಗೇ ತನ್ನ ಪುಟಗಳ ವಿಳಾಸವನ್ನು ಪೂರ್ತಿಯಾಗಿ ಎಕ್ಸ್‌ಗೆ ಸಾಗಿಸಲು 2024ರ ಮೇ ತಿಂಗಳವರೆಗೆ ಹಿಡಿಯಿತು. ಹಳೆಯ ವಿಳಾಸ ಒತ್ತಿದರೆ ಆಗಲೂ ಬಾಗಿಲು ತೆರೆಯುತ್ತಿತ್ತು.